ಈಶ್ವರಿ ಬಳ್ಳಿ ಮತ್ತು ಹಕ್ಕಿರೆಕ್ಕೆಯ ಪಾತರಗಿತ್ತಿ

(ಉದ್ಯಮಬಾಗದಲ್ಲಿ ಕೂಡಿದ ಬೆಳಗಾವಿ–ಖಾನಾಪುರ ಭಾಗದ ರೈತರ ಮುಂದೆ ಮಾಡಿದ ಭಾಷಣ)



ಭತ್ತದ ತಳಿ, ಕಬ್ಬಿನ ಗೊಬ್ಬರ, ಎಮ್ಮೆಯ ಹಾಲು ಇವುಗಳ ವಿಷಯ ಕೇಳಲು ಬಂದವರ ಮುಂದೆ ಪಾತರಗಿತ್ತಿಯ ಮಾತು ತೆಗೆದರೆ, ಇದೇನು ಮಕ್ಕಳಾಟವೆಂದು ತಮಗೆ ಅನಿಸಬಹುದು. ಅನಿಸಲಿ. ಆದರೂ ಅರ್ಧ ತಾಸು ಕೇಳಿರಿ. ಈ ಪಾತರಗಿತ್ತಿಯ ಕಥೆ ನಿಜವಾಗಿ ಒಂದು ಬಳ್ಳಿಯ ಕಥೆ. ಆ ಬಳ್ಳಿ ತಮ್ಮ ಹೊಲದ ಬೇಲಿಯಲ್ಲಿ ಇದೆ, ಅಥವಾ ಹತ್ತಿಪ್ಪತ್ತು ವರ್ಷದ ಹಿಂದೆ ಇತ್ತು. ಅದರ ಬೇರು ತಮ್ಮಲ್ಲಿ ಕೆಲವರ ಮನೆಯ ಮಾಡದಲ್ಲಿಯೂ ಇರಬಹುದು. ಆ ಬೇರಿನ ವಿಷಯದಲ್ಲಿ ತಿಳಿಯದೆ ನಡೆದರೆ ಜೀವಕ್ಕೇ ಅಪಾಯವಿದೆ. ಅದಕ್ಕಾಗಿಯೇ ಈ ಮಾತು.

ಇಲ್ಲಿ ಉದ್ಯಮಬಾಗದಲ್ಲಿ ನಿಂತರೆ ಸುತ್ತಲೂ ಎರಕದ ಕಾರಖಾನೆಗಳು, ಲೇಥ್ ಯಂತ್ರಗಳ ಸದ್ದು. ಇದೇ ಖಾನಾಪುರದ ಹಾದಿ ಹಿಡಿದು ದಕ್ಷಿಣಕ್ಕೂ ಪಡುವಣಕ್ಕೂ ಹೊರಟರೆ ಕೆಲವೇ ಗಂಟೆಗಳಲ್ಲಿ ಜಾಂಬೋಟಿ, ಕಣಕುಂಬಿ, ಹೆಮ್ಮಡಗಾ, ಲೋಂಡಾ ಕಡೆಯ ದಟ್ಟ ಮಳೆಕಾಡು ಸಿಗುತ್ತದೆ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟಿ ಮೂಡಲಕ್ಕೆ ಹರಿಯುತ್ತಾಳೆ. ದೇಗಾವಿಯ ಕಡೆಯಿಂದ ಮಹದಾಯಿ ಪಡುವಣಕ್ಕೆ ಇಳಿಯುತ್ತಾಳೆ. ಈ ಕಾಡಿನ ಒಂದು ಭಾಗವನ್ನು, ಸುಮಾರು 190 ಚದರ ಕಿಲೋಮೀಟರನ್ನು, 2011ರಲ್ಲಿ ಭೀಮಗಡ ಅಭಯಾರಣ್ಯವೆಂದು ಸಾರಲಾಯಿತು. ಹುಲಿ, ಕರಡಿ, ಕಾಡುಕೋಣಗಳ ಸುದ್ದಿ ತಮಗೆ ಗೊತ್ತೇ ಇದೆ. ಕಾಡುಕೋಣ ಗದ್ದೆಗೆ ಇಳಿದರೆ ಗೊತ್ತಾಗದೆ ಇರುವುದೂ ಇಲ್ಲ! ನಾನು ಹೇಳಹೊರಟಿರುವ ಪ್ರಾಣಿ ಮಾತ್ರ ಗದ್ದೆಗೆ ಇಳಿಯುವುದಿಲ್ಲ, ಸದ್ದು ಮಾಡುವುದಿಲ್ಲ, ಒಂದು ಕಾಳನ್ನೂ ಮುಟ್ಟುವುದಿಲ್ಲ.

ಇಂಗ್ಲಿಷಿನಲ್ಲಿ ಇದನ್ನು ಸದರ್ನ್ ಬರ್ಡ್‌ವಿಂಗ್ ಎನ್ನುತ್ತಾರೆ, ಎಂದರೆ ದಕ್ಷಿಣದ ಹಕ್ಕಿರೆಕ್ಕೆ. ಹೆಸರು ಒಪ್ಪುವಂಥದೇ. ಮರಗಳ ತುದಿಯ ಮೇಲೆ ಇದು ಹಾರುವಾಗ ಮೊದಲ ಸಲ ನೋಡಿದವರು ಹಕ್ಕಿಯೆಂದೇ ತಿಳಿಯುತ್ತಾರೆ. ಬಿಚ್ಚಿದ ರೆಕ್ಕೆಯ ಈ ತುದಿಯಿಂದ ಆ ತುದಿಗೆ 140ರಿಂದ 190 ಮಿಲಿಮೀಟರ್. ಅತಿ ದೊಡ್ಡದನ್ನು ತಮ್ಮ ಗೇಣಿನಲ್ಲಿ ಅಳೆದರೆ ಗೇಣಿಗೆ ಎರಡು ಬೆರಳು ಕಡಿಮೆ. 1932ರಲ್ಲಿ ಬ್ರಿಗೇಡಿಯರ್ ಇವಾನ್ಸ್ ಎಂಬವರು 190 ಮಿಲಿಮೀಟರಿನ ಒಂದನ್ನು ದಾಖಲೆ ಮಾಡಿದ್ದರು. ಅಂದಿನಿಂದ ಇಡೀ ಭಾರತದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಪಾತರಗಿತ್ತಿಯೆಂದು ಹೆಸರಾಗಿತ್ತು. 2020ರಲ್ಲಿ ಹಿಮಾಲಯದ ಉತ್ತರಾಖಂಡದಲ್ಲಿ ಇದರ ದಾಯಾದಿಯಾದ ಚಿನ್ನದ ಹಕ್ಕಿರೆಕ್ಕೆಯ ಒಂದು ಹೆಣ್ಣು 194 ಮಿಲಿಮೀಟರ್ ಅಳತೆಗೆ ಬಂದು ಆ ಬಿರುದನ್ನು ಕಸಿದುಕೊಂಡಿತು. ನಾಲ್ಕು ಮಿಲಿಮೀಟರಿನ ಸೋಲು! ಹೋಗಲಿ, ಅದೂ ಮನೆಯವರ ಕೈಯಿಂದಲೇ ಆದದ್ದು.

ಗಂಡಿನ ಮುಂದಿನ ರೆಕ್ಕೆ ಕಪ್ಪು. ನರಗಳ ಅಂಚಿಗೆ ಬೂದಿ ಬಳಿದಂತೆ ಬಿಳಿಗೆರೆಗಳು. ಹಿಂದಿನ ರೆಕ್ಕೆ ಅರಿಶಿನ ಹಚ್ಚಿದಂತೆ ಬಂಗಾರದ ಹಳದಿ, ಅದಕ್ಕೆ ಕಪ್ಪು ಅಂಚು. ಹೆಣ್ಣು ಗಂಡಿಗಿಂತ ದೊಡ್ಡದು. ಅದರ ಹಳದಿಯ ಮೇಲೆ ಕಪ್ಪು ಬೊಟ್ಟುಗಳ ಸಾಲು ಇರುತ್ತದೆ. ಎರಡಕ್ಕೂ ಕೊರಳ ಬಳಿ ಕುಂಕುಮದ ಕೆಂಪು. ಅರಿಶಿನ ಕುಂಕುಮಗಳೆರಡೂ ಮೈಮೇಲೆ ಇರುವ ಕಾರಣದಿಂದಲೇ ಇರಬೇಕು, ಕರ್ನಾಟಕವು ಇದನ್ನು ರಾಜ್ಯದ ಪಾತರಗಿತ್ತಿಯೆಂದು ಆರಿಸಿಕೊಂಡಿತು. ಮಹಾರಾಷ್ಟ್ರವು 2015ರಲ್ಲಿಯೇ ಬ್ಲೂ ಮಾರ್ಮನ್ ಎಂಬ ನೀಲಿ ಪಾತರಗಿತ್ತಿಯನ್ನು ಆರಿಸಿತ್ತು; ಗೋವೆಯು 2021ರಲ್ಲಿ ಕಾಗದದ ಚೂರಿನಂತೆ ತೇಲುವ ಬಿಳಿಯ ಮಲಬಾರ್ ಟ್ರೀ ನಿಂಫನ್ನು ಆರಿಸಿತು. ಖಾನಾಪುರವಂತೂ ಮೂರೂ ರಾಜ್ಯಗಳ ಕೂಡುದಾರಿಯಲ್ಲಿರುವ ತಾಲೂಕು. ನಮ್ಮ ಗಡಿಯ ಕಲ್ಲುಗಳು ಪಾತರಗಿತ್ತಿಯ ಕಣ್ಣಿಗೆ ಕಾಣುವುದಿಲ್ಲ. ಯಾವ ರಾಜ್ಯದ್ದಾದರೂ ಸರಿ, ಅದು ತನ್ನ ಬಳ್ಳಿ ಇದ್ದ ಕಡೆ ಹೋಗುತ್ತದೆ, ಇಲ್ಲದ ಕಡೆ ಹೋಗುವುದಿಲ್ಲ.

ಹಕ್ಕಿರೆಕ್ಕೆಯ ಈ ಜಾತಿ ದಕ್ಷಿಣ ಭಾರತವನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲಿಯೂ ಇಲ್ಲ. 1779ರಲ್ಲಿ ಕ್ರಾಮರ್ ಎಂಬ ಡಚ್ಚ ವಿದ್ವಾಂಸನು ಇದಕ್ಕೆ ಮಿನೋಸ್ ಎಂಬ ಗ್ರೀಕ್ ರಾಜನ ಹೆಸರನ್ನಿಟ್ಟನು. ಹೆಸರಿಟ್ಟವನಿಗೆ ಇದರ ರೆಕ್ಕೆ ಗೊತ್ತಿತ್ತು, ಬದುಕು ಗೊತ್ತಿರಲಿಲ್ಲ. ಬದುಕನ್ನು ಅರಿಯಬೇಕಾದರೆ ಹುಳು ಏನು ತಿನ್ನುತ್ತದೆ ಎಂಬುದನ್ನು ನೋಡಬೇಕು. ಆ ಕೆಲಸ ನಮ್ಮ ನೆರೆಯ ಕಾರವಾರ ಜಿಲ್ಲೆಯಲ್ಲಿ ಚೆನ್ನಾಗಿ ನಡೆಯಿತು. ಜಿಲ್ಲೆಯ ಕಲೆಕ್ಟರರಾಗಿದ್ದ ಡೇವಿಡ್‌ಸನ್, ಸುಂಕ ಮತ್ತು ಉಪ್ಪಿನ ಇಲಾಖೆಯ ಏಟ್ಕನ್, ಅರಣ್ಯ ಇಲಾಖೆಯ ಟಿ. ಆರ್. ಡಿ. ಬೆಲ್, ಈ ಮೂವರು ಸೇರಿ ಕಾಡಿನಿಂದ ಹುಳುಗಳನ್ನು ತಂದು, ಎಲೆ ಹಾಕಿ ಸಾಕಿ, ಯಾವ ಹುಳು ಯಾವ ಪಾತರಗಿತ್ತಿಯಾಗುತ್ತದೆ ಎಂದು ಒಂದೊಂದನ್ನೂ ಬರೆದಿಟ್ಟರು. ಅದು 1896ರಿಂದ ಮುಂಬಯಿಯ ನಿಸರ್ಗ ಚರಿತ್ರೆಯ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಬೆಲ್ ಸಾಹೇಬರು ನಿವೃತ್ತರಾದ ಮೇಲೂ ಕಾರವಾರದಲ್ಲಿಯೇ ಉಳಿದು 1948ರಲ್ಲಿ ಅಲ್ಲಿಯೇ ತೀರಿಕೊಂಡರು. ರೇಷ್ಮೆಹುಳುವನ್ನು ಸಾಕುವವರಿಗೆ ಇದು ಹೊಸ ಸಂಗತಿಯಲ್ಲ. ಹಿಪ್ಪುನೇರಳೆ ಇಲ್ಲದೆ ರೇಷ್ಮೆಯಿಲ್ಲ. ಹಾಗೆಯೇ ಹಕ್ಕಿರೆಕ್ಕೆಗೂ ಒಂದು ಹಿಪ್ಪುನೇರಳೆ ಇದೆ.

ಅದೇ ಈಶ್ವರಿ ಬಳ್ಳಿ. ಮರಾಠಿ ಮಾತಾಡುವ ನಮ್ಮ ಬಂಧುಗಳು ಸಾಪಸಣ ಎನ್ನುತ್ತಾರೆ. ಮಳೆ ಹೆಚ್ಚಾದ ಕಾಡಿನಲ್ಲಿ ಇದೇ ಕುಲದ ಇನ್ನೊಂದೆರಡು ಬಳ್ಳಿ, ಗಿಡಗಳೂ ಹುಳುವಿಗೆ ಆಗುತ್ತವೆ. ಆದರೆ ಬಯಲಿನ ಅಂಚಿಗೆ, ಕುರುಚಲು ಕಾಡಿನಲ್ಲಿ, ಬೇಲಿಯಲ್ಲಿ ಸಿಗುವುದು ಈಶ್ವರಿಯೇ. ತೆಳ್ಳಗಿನ ಬಳ್ಳಿ, ನೆಲದಲ್ಲಿ ಗಟ್ಟಿ ಬೇರು. ಎಲೆ ಒಂದೇ ತೆರನಾಗಿರುವುದಿಲ್ಲ. ಕೆಲವು ಉದ್ದ, ಕೆಲವು ತುದಿಯ ಕಡೆಗೆ ಅಗಲ. ಹಿಸುಕಿದರೆ ಘಾಟು, ನಾಲಿಗೆಗೆ ಕಹಿ. ಹೂವು ಸಣ್ಣದು, ಸೊಟ್ಟಗಿನ ಕೊಳವೆಯಂತೆ, ಬುಡದಲ್ಲಿ ಉಬ್ಬಿದೆ. ಸಣ್ಣ ನೊಣಗಳು ಅದರೊಳಗೆ ಹೋಗುತ್ತವೆ. ಒಳಮುಖವಾಗಿ ಬಾಗಿದ ಕೂದಲುಗಳು ಅವನ್ನು ಹೊರಬಿಡುವುದಿಲ್ಲ. ಪರಾಗ ಬಿರಿದ ಮೇಲೆ ಕೂದಲು ಬಾಡಿ ನೊಣಕ್ಕೆ ಬಿಡುಗಡೆ. ಕೂಲಿ ಮಾಡಿಸಿಕೊಂಡು ಬಿಡುವ ಜಾಣ ಯಜಮಾನ! ಇನ್ನು ಕಾಯಿಯನ್ನು ಒಮ್ಮೆ ನೋಡಿದರೆ ಮರೆಯುವಂತಿಲ್ಲ. ಒಣಗಿದಾಗ ಅದು ಬುಡದಿಂದ ಆರು ಹೋಳಾಗಿ ಬಿಚ್ಚಿ, ತೊಟ್ಟು ದಾರದೆಳೆಗಳಾಗಿ ಸೀಳಿ, ಹಾಲಿನ ಗಡಿಗೆಯನ್ನಿಡುವ ನೆಲುವಿನಂತೆ ತೂಗುತ್ತದೆ. ಗಾಳಿ ಬೀಸಿದರೆ ಅದರೊಳಗಿನ ಹಾಳೆಯಂಥ ಚಪ್ಪಟೆ ಬೀಜಗಳು ಒಂದೊಂದಾಗಿ ಹಾರಿಹೋಗುತ್ತವೆ. ಗುರುತಿಗೆ ಈ ನೆಲುವು ಸಾಕು.

ಹೆಣ್ಣು ಪಾತರಗಿತ್ತಿ ಈ ಬಳ್ಳಿಯನ್ನು ಹುಡುಕಿ ಬರುತ್ತದೆ. ಎಲೆಯ ಮೇಲೆ ಕುಳಿತು ಮುಂಗಾಲುಗಳಿಂದ ತಟ್ಟಿ ನೋಡುತ್ತದೆ. ಅದರ ರುಚಿ ಕಾಲಿನಲ್ಲಿದೆ. ಸರಿಯಾದ ಎಲೆಯೆಂದು ಖಾತ್ರಿಯಾದರೆ ಒಂದೊಂದಾಗಿ ಮೊಟ್ಟೆ ಇಡುತ್ತದೆ. ಸುಮಾರು ವಾರದೊಳಗೆ ಮರಿ ಹೊರಬಂದು ಎಲೆ ಮೇಯತೊಡಗುತ್ತದೆ. ಬೆಳೆದ ಹುಳುವನ್ನು ಕಂಡರೆ ತಾವು ಕುಡಗೋಲಿಗೆ ಕೈಹಾಕುವಿರಿ: ಕಡುಗೆಂಪು ಮಿಶ್ರಿತ ಕಂದು ಮೈ, ಉದ್ದಕ್ಕೂ ಮಾಂಸದ ಮುಳ್ಳುಗಳು, ನಡುವೆ ಓರೆಯಾಗಿ ಒಂದು ಬಿಳಿಚು ಪಟ್ಟಿ. ಆ ಮುಳ್ಳು ಚುಚ್ಚುವುದಿಲ್ಲ. ಕಂಬಳಿಹುಳುವಿನಂತೆ ತುರಿಕೆಯೂ ಇಲ್ಲ. ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಒಂದು ಕೊಂಬನ್ನು ಹೊರಚಾಚಿ ಕೆಟ್ಟ ವಾಸನೆ ಬಿಡುತ್ತದೆ, ಅಷ್ಟೆ. ನಿಂಬೆ ಮತ್ತು ಕರಿಬೇವಿನ ಎಲೆ ತಿನ್ನುವ ಹಸಿರು ಹುಳುವೂ ಹೀಗೆಯೇ ಕೊಂಬು ತೋರಿಸುವುದನ್ನು ತಾವು ನೋಡಿರಬೇಕು. ಅದು ಇದರ ದೂರದ ನಂಟ. ಅದರ ಮೇಲೆ ತಮಗೆ ಸಿಟ್ಟಿದ್ದರೆ ತಪ್ಪಿಲ್ಲ, ಸಣ್ಣ ನಿಂಬೆ ಸಸಿಯನ್ನು ಬೋಳು ಮಾಡಿಬಿಡುತ್ತದೆ. ಆದರೆ ಹಕ್ಕಿರೆಕ್ಕೆಯ ಹುಳುವಿಗೆ ಈಶ್ವರಿಯ ಕುಲ ಬಿಟ್ಟರೆ ಬೇರೆ ಊಟವಿಲ್ಲ. ಭತ್ತ, ಕಬ್ಬು, ಗೋಡಂಬಿ, ಗೆಣಸು, ಮಾವು, ಹಲಸು ಇವುಗಳ ನಡುವೆ ಬಿಟ್ಟರೂ ಹಸಿದು ಸಾಯುವುದೇ ಹೊರತು ಒಂದೆಲೆಯನ್ನೂ ಕಡಿಯದು.

ಮೂರು ನಾಲ್ಕು ವಾರ ಮೇಯ್ದ ಮೇಲೆ ಅದು ಒಂದು ಕಡ್ಡಿಗೆ ಬಾಲವನ್ನು ಅಂಟಿಸಿ, ಸೊಂಟಕ್ಕೆ ನೂಲಿನ ಪಟ್ಟಿ ಸುತ್ತಿಕೊಂಡು ಕೋಶವಾಗುತ್ತದೆ. ತೆಂಗಿನ ಮರ ಹತ್ತುವವನು ಹಗ್ಗ ಸುತ್ತಿ ಒರಗಿ ನಿಂತಂತೆ. ಕೋಶದ ಬಣ್ಣ ಒಮ್ಮೆ ಹಸಿರು, ಒಮ್ಮೆ ಒಣಗಿದ ಎಲೆಯಂತೆ. ಮುಟ್ಟಿದರೆ ಒಳಗಿನಿಂದ ಬುಸ್ಸೆಂದು ಸದ್ದು ಬರುತ್ತದೆ, ಹೆದರಬಾರದು. ಸುಮಾರು ಮೂರು ವಾರಕ್ಕೆ ಅದು ಒಡೆದು ಪಾತರಗಿತ್ತಿ ಹೊರಬಂದು, ರೆಕ್ಕೆ ಆರಿಸಿಕೊಂಡು ಹಾರುತ್ತದೆ. ಬೆಳಗಿನ ಹೊತ್ತು ಕೇಪಳ, ಬೆಳ್ಳೊಟ್ಟಿ, ಲಂಟಾನ ಇವುಗಳ ಹೂವಿನ ಮೇಲೆ ಕಾಣುತ್ತದೆ. ದೊಡ್ಡದಾದುದರಿಂದ ಕುಳಿತು ವಿರಮಿಸುವುದಿಲ್ಲ, ರೆಕ್ಕೆ ಬಡಿಯುತ್ತಲೇ ರಸ ಹೀರುತ್ತದೆ.

ಇಷ್ಟು ದೊಡ್ಡ, ಇಷ್ಟು ಎದ್ದುಕಾಣುವ, ಇಷ್ಟು ನಿಧಾನವಾಗಿ ಹಾರುವ ಪ್ರಾಣಿಯನ್ನು ಹಕ್ಕಿಗಳು ಏಕೆ ಹಿಡಿದು ತಿನ್ನುವುದಿಲ್ಲ? ಇಲ್ಲಿಯೇ ಕಥೆಯ ಗಂಟಿದೆ. ಈಶ್ವರಿ ಬಳ್ಳಿಯಲ್ಲಿ ಅರಿಸ್ಟೊಲೋಕಿಕ್ ಆಮ್ಲವೆಂಬ ಒಂದು ವಿಷವಿದೆ. ಬಳ್ಳಿಯು ತನ್ನನ್ನು ಮೇಯುವವರಿಂದ ಕಾಪಾಡಿಕೊಳ್ಳಲು ಇದನ್ನು ಮಾಡಿಟ್ಟುಕೊಂಡಿದೆ. ಹಕ್ಕಿರೆಕ್ಕೆಯ ಹುಳುವಿಗೆ ಮಾತ್ರ ಆ ವಿಷ ತಾಗುವುದಿಲ್ಲ. ಅದನ್ನು ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಹುಳು ಪಾತರಗಿತ್ತಿಯಾದಾಗಲೂ ವಿಷ ಜೊತೆಗಿರುತ್ತದೆ. ಒಮ್ಮೆ ಬಾಯಿಗೆ ಹಾಕಿಕೊಂಡ ಹಕ್ಕಿ ಆ ಬಣ್ಣವನ್ನು ಮರೆಯುವುದಿಲ್ಲ. ಇದೇ ಬಳ್ಳಿಯನ್ನು ತಿಂದು ಬೆಳೆಯುವ ಇನ್ನೆರಡು ಪಾತರಗಿತ್ತಿಗಳು ತಮ್ಮ ಹೊಲಗಳಲ್ಲಿಯೇ ಹಾರಾಡುತ್ತವೆ: ಕಪ್ಪು ರೆಕ್ಕೆ, ಕೆಂಪು ಮೈ, ಹಿಂದೆ ಬಾಲ. ಇಂಗ್ಲಿಷಿನಲ್ಲಿ ಅವಕ್ಕೆ ರೋಸ್ ಎಂದು ಹೆಸರು. ಅವನ್ನೂ ಹಕ್ಕಿ ಮುಟ್ಟುವುದಿಲ್ಲ. ಇದನ್ನು ಕಂಡು ಕರಿಬೇವಿನ ಮೇಲೆ ಬೆಳೆಯುವ ಮತ್ತೊಂದು ಜಾತಿಯ ಹೆಣ್ಣು, ಮೈಯಲ್ಲಿ ಒಂದು ತೊಟ್ಟು ವಿಷವಿಲ್ಲದಿದ್ದರೂ, ಅದೇ ಕಪ್ಪು ಕೆಂಪಿನ ವೇಷ ಹಾಕಿಕೊಂಡು ತಿರುಗುತ್ತದೆ. ಪೋಲೀಸನ ಅಂಗಿ ತೊಟ್ಟು ಸಂತೆಯಲ್ಲಿ ತಿರುಗುವವನ ಹಾಗೆ.

ಪಾತರಗಿತ್ತಿಯನ್ನು ಕಾಯುವ ಈ ವಿಷವೇ ಮನುಷ್ಯನ ಮೂತ್ರಪಿಂಡವನ್ನು, ತಾವು ಕಿಡ್ನಿ ಎಂದು ಕೇಳಿರುವುದನ್ನು, ಕೆಡಿಸುತ್ತದೆ. ಈ ಮಾತನ್ನು ನಾನು ಸ್ವಲ್ಪ ವಿಸ್ತಾರವಾಗಿ ಹೇಳುವವನಿದ್ದೇನೆ. ತಾಯಂದಿರು ವಿಶೇಷವಾಗಿ ಲಕ್ಷ್ಯಕೊಟ್ಟು ಕೇಳಬೇಕು.

ಈಶ್ವರಿಯ ಬೇರನ್ನು ಹಾವಿನ ವಿಷಕ್ಕೆ ಮದ್ದೆಂದು ಕೊಡುವ ರೂಢಿ ಬಹಳ ಹಳೆಯದು. ಸಾಪಸಣ ಎಂಬ ಹೆಸರೇ ಅದನ್ನು ಹೇಳುತ್ತದೆ. ಜ್ವರಕ್ಕೆ, ಹೊಟ್ಟೆನೋವಿಗೆ, ಹೆಂಗಸರ ತೊಂದರೆಗಳಿಗೆ ಕೂಡ ಅರೆದು ಕುಡಿಸುವುದುಂಟು. ನಮ್ಮಲ್ಲಿ ಮಾತ್ರವಲ್ಲ, ಯುರೋಪದ ಹಳ್ಳಿಗಳಲ್ಲಿಯೂ ಇದೇ ಕುಲದ ಗಿಡವನ್ನು ಹೆರಿಗೆಯ ಹೊತ್ತಿನಲ್ಲಿ ಕೊಡುತ್ತಿದ್ದರು. ಆ ಕುಲದ ಗ್ರೀಕ್ ಹೆಸರಿನ ಅರ್ಥವೇ ಹೆರಿಗೆಗೆ ಉತ್ತಮವಾದದ್ದು ಎಂದು. ಹಿರಿಯರು ತಿಳಿಯದೆ ಮಾಡಿದರೆಂದು ಅವರನ್ನು ಹಳಿಯುವುದು ಬೇಡ. ಇದರ ವಿಷ ಕುಡಿದ ದಿನ ಕಾಣುವುದಿಲ್ಲ, ಮರುದಿನವೂ ಕಾಣುವುದಿಲ್ಲ. ವರ್ಷಗಳು ಕಳೆದ ಮೇಲೆ ಕಾಣುತ್ತದೆ. ಹತ್ತು ವರ್ಷದ ಹಿಂದೆ ಕುಡಿದ ಬೇರಿಗೂ ಇಂದಿನ ಬೇನೆಗೂ ಸಂಬಂಧವನ್ನು ಯಾರು ತಾನೆ ಹಚ್ಚಬಲ್ಲರು?

ಆ ಸಂಬಂಧವನ್ನು ಹಚ್ಚಿದ್ದು ರೈತರ ಹಳ್ಳಿಗಳಲ್ಲಿಯೇ. ಯುರೋಪದಲ್ಲಿ ಡ್ಯಾನ್ಯೂಬ್ ನದಿಯ ಬಯಲಿನಲ್ಲಿ ಬಲ್ಗೇರಿಯಾ, ರುಮೇನಿಯಾ, ಸರ್ಬಿಯಾ, ಕ್ರೊಯೇಷಿಯಾ, ಬೋಸ್ನಿಯಾ ದೇಶಗಳ ಕೆಲವು ಹಳ್ಳಿಗಳಿವೆ. ಅಲ್ಲಿ ನಡುವಯಸ್ಸಿನ ಒಕ್ಕಲಿಗರು ನಿತ್ರಾಣರಾಗಿ, ಮೈ ಬಿಳಿಚಿ, ಮೂತ್ರಪಿಂಡ ಕುಗ್ಗಿ ಸಾಯುತ್ತಿದ್ದರು. ಕೆಲವರಿಗೆ ಮೂತ್ರದ ಹಾದಿಯಲ್ಲಿ ಕ್ಯಾನ್ಸರ್ ಆಗುತ್ತಿತ್ತು. ಈ ಹಳ್ಳಿಯಲ್ಲಿ ಉಂಟು, ಪಕ್ಕದ ಹಳ್ಳಿಯಲ್ಲಿಲ್ಲ. ಈ ಮನೆಯಲ್ಲಿ ಉಂಟು, ಎದುರಿನ ಮನೆಯಲ್ಲಿಲ್ಲ. ಬೇರೆ ಕಡೆಯಿಂದ ಬಂದು ನೆಲೆಸಿದವರಿಗೂ ಹದಿನೈದಿಪ್ಪತ್ತು ವರ್ಷಗಳ ಮೇಲೆ ಅದೇ ಬೇನೆ. ವೈದ್ಯರು 1956ರ ಸುಮಾರಿಗೆ ಇದನ್ನು ಬೇರೆಯೇ ಒಂದು ರೋಗವೆಂದು ಗುರುತಿಸಿದರು. ಕಾರಣಕ್ಕಾಗಿ ಬಾವಿಯ ನೀರನ್ನು ನೋಡಿದರು, ಮಣ್ಣನ್ನು ನೋಡಿದರು, ಬೂಷ್ಟು ಹಿಡಿದ ಕಾಳನ್ನು ನೋಡಿದರು. 1969ರಲ್ಲಿ ಒಬ್ಬ ಸಂಶೋಧಕ, ಗೋದಿಯ ಹೊಲದಲ್ಲಿ ಕಳೆಯಾಗಿ ಬೆಳೆಯುವ ಈಶ್ವರಿಯ ಕುಲದ ಗಿಡವೇ ಕಾರಣವಿರಬಹುದೆಂದು ಹೇಳಿದ. ಹೆಚ್ಚು ಮಂದಿ ಕಿವಿಗೊಡಲಿಲ್ಲ. ಮುಂದೆ 2007ರ ಹೊತ್ತಿಗೆ ಆ ರೋಗಿಗಳ ಮೂತ್ರಪಿಂಡದ ಜೀವಕೋಶಗಳಲ್ಲಿಯೇ ಆ ವಿಷದ ಗುರುತು ಅಂಟಿಕೊಂಡಿರುವುದು ಕಂಡುಬಂತು. ಸಂಗತಿ ಇಷ್ಟು: ಗೋದಿಯನ್ನು ಕೊಯ್ಯುವಾಗ ಕಳೆಯ ಬೀಜವೂ ಸೇರಿ ರಾಶಿಗೆ ಬರುತ್ತಿತ್ತು, ರಾಶಿಯಿಂದ ಬೀಸುವ ಕಲ್ಲಿಗೆ, ಅಲ್ಲಿಂದ ರೊಟ್ಟಿಗೆ. ಬೆಂಕಿಯಲ್ಲಿ ಬೆಂದರೂ ಆ ವಿಷ ಹೋಗಲಿಲ್ಲ. ಕಳೆ ತೆಗೆದು ಕಾಳು ಹಸನು ಮಾಡಿದ ಮನೆ ಉಳಿಯಿತು. ಮಾಡದ ಮನೆ ತಲೆಮಾರುಗಟ್ಟಲೆ ನರಳಿತು.

ಇನ್ನೊಂದು ಉದಾಹರಣೆ ಪಟ್ಟಣದ್ದು. 1990ರ ನಂತರದ ಒಂದೆರಡು ವರ್ಷಗಳಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ಮೈ ಇಳಿಸಲೆಂದು ಕೆಲವು ಹೆಂಗಸರಿಗೆ ಬೇರಿನ ಪುಡಿಯ ಗುಳಿಗೆ ಕೊಟ್ಟರು. ಅದರಲ್ಲಿ ಒಂದು ಬೇರಿನ ಬದಲು ಇದೇ ಕುಲದ ಇನ್ನೊಂದು ಬೇರು ಬಂದು ಸೇರಿತ್ತು. ಸುಮಾರು ನೂರು ಮಂದಿ ಹೆಂಗಸರ ಮೂತ್ರಪಿಂಡ ಕೆಟ್ಟವು. ಅವರಲ್ಲಿ ಅನೇಕರು ತಿಂದದ್ದು ಕೆಲವೇ ತಿಂಗಳು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನೆಯ ವಿಭಾಗವು ಈ ಕುಲದ ಗಿಡಗಳ ಮೂಲಿಕೆ ಮದ್ದುಗಳನ್ನು, ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿತು. ನಾರುಬೇರು ನಿಸರ್ಗದ್ದು, ಅದರಿಂದ ಕೇಡಿಲ್ಲ ಎಂಬ ಮಾತನ್ನು ನಾವು ಸುಲಭವಾಗಿ ಆಡುತ್ತೇವೆ. ನಾಗರಹಾವೂ ನಿಸರ್ಗದ್ದೇ ಅಲ್ಲವೇ?

ಹಾವು ಕಚ್ಚಿದಾಗ ಈಶ್ವರಿಯ ಬೇರಿನಿಂದ ಆಗುವ ನಷ್ಟ ಇನ್ನೂ ಬೇಗನೆಯದು. ಬೇರು ಹುಡುಕಿ, ಕಿತ್ತು, ತೇಯ್ದು ಕುಡಿಸುವುದರಲ್ಲಿ ಹೋಗುವ ಒಂದು ತಾಸು ಮರಳಿ ಬರುವುದಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೆ ಕುದುರೆಯ ರಕ್ತದಿಂದ ತಯಾರಿಸಿದ ಪ್ರತಿವಿಷದ ಚುಚ್ಚುಮದ್ದು ಉಂಟು. ಅದು ದವಾಖಾನೆಯಲ್ಲಿ ಸಿಗುತ್ತದೆ, ಬೇಲಿಯಲ್ಲಿ ಸಿಗುವುದಿಲ್ಲ. ಕಚ್ಚಿಸಿಕೊಂಡವರನ್ನು ನಡೆಸಬೇಡಿರಿ, ಓಡಿಸಬೇಡಿರಿ. ಕಚ್ಚಿದ ಕೈ ಅಥವಾ ಕಾಲಿಗೆ ಒಂದು ದಬ್ಬೆ ಕಟ್ಟಿ ಅಲುಗದಂತೆ ಇಡಿರಿ. ಬಳೆ, ಉಂಗುರ, ಕಾಲ್ಗಡಗ ತೆಗೆಯಿರಿ, ಬಾವು ಬಂದ ಮೇಲೆ ತೆಗೆಯಲಾಗದು. ಕೊಯ್ಯುವುದು, ಹೀರುವುದು, ಹಗ್ಗದಿಂದ ಬಿಗಿದು ಕಟ್ಟುವುದು ಬೇಡ. 108ಕ್ಕೆ ಫೋನು ಮಾಡಿರಿ, ಗಾಡಿ ಬರಲು ತಡವಾದರೆ ಸಿಕ್ಕಿದ ವಾಹನದಲ್ಲಿ ಹೊರಡಿರಿ. ಹಾವನ್ನು ಹೊಡೆದು ತರುವ ಸಾಹಸವೂ ಬೇಡ. 2024ರಲ್ಲಿ ಕರ್ನಾಟಕ ಸರಕಾರವು ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ದವಾಖಾನೆಗಳು ವರದಿ ಮಾಡಲೇಬೇಕೆಂದು ಆಜ್ಞೆ ಮಾಡಿತು. ಗದ್ದೆಯಲ್ಲಿ ಕೆಲಸ ಮಾಡುವವರೇ ಇದಕ್ಕೆ ಹೆಚ್ಚಾಗಿ ಬಲಿಯಾಗುವವರು.

ಹಾಗಾದರೆ ಈ ವಿಷದ ಬಳ್ಳಿಯನ್ನು ಕಿತ್ತು ಸುಟ್ಟುಬಿಡೋಣವೇ ಎಂದು ಯಾರಾದರೂ ಕೇಳಬಹುದು. ಬೇಡ. ಕುಡಿಯದಿದ್ದರೆ ಅದರಿಂದ ಯಾರಿಗೂ ಕೇಡಿಲ್ಲ. ಮುಟ್ಟಿದರೆ ಏನೂ ಆಗುವುದಿಲ್ಲ. ನಮ್ಮ ಬೇಲಿಗಳಲ್ಲಿ ಹೊಂಗೆ, ಕಳ್ಳಿ, ಎಕ್ಕ ಎಲ್ಲವೂ ಇವೆ. ಅವುಗಳನ್ನೇನು ನಾವು ಉಣ್ಣುತ್ತೇವೆಯೇ? ಡ್ಯಾನ್ಯೂಬಿನ ಮಾತು ಮಾತ್ರ ನೆನಪಿರಲಿ: ಬಳ್ಳಿ ಬೇಲಿಯಲ್ಲಿರಬೇಕು, ಕಾಳು ಕೊಯ್ಯುವ ಪಾತಿಯಲ್ಲಿರಬಾರದು. ನಿಜ ಹೇಳಬೇಕೆಂದರೆ ಈ ಬಳ್ಳಿಗೆ ಕಂಟಕ ಬಂದಿರುವುದು ಆ ಮದ್ದಿನ ಹೆಸರಿನಿಂದಲೇ. ಎಲೆ ಕಿತ್ತರೆ ಬಳ್ಳಿ ಮತ್ತೆ ಚಿಗುರುತ್ತದೆ. ಬೇರಿಗಾಗಿ ಅಗೆದರೆ ಅಲ್ಲಿಗೆ ಅದರ ವಂಶ ಮುಗಿಯಿತು. ಅದರ ಮೇಲೆ ಬೇಲಿಯ ಜಾಗಕ್ಕೆ ತಂತಿ ಬಂತು, ಬದು ಸವೆದು ಗೇಣಗಲವಾಯಿತು, ಕಳೆನಾಶಕದ ಔಷಧ ಬದುವಿನ ಮೇಲೂ ಬಿತ್ತು, ಬೇಸಿಗೆಯಲ್ಲಿ ಹುಲ್ಲಿಗೆ ಹಚ್ಚಿದ ಬೆಂಕಿ ಕಾಡಿನ ಅಂಚಿಗೆ ಹೋಯಿತು. ಬಳ್ಳಿ ಹೋದ ಕಡೆ ಹಕ್ಕಿರೆಕ್ಕೆ ಹೂವಿಗೆಂದು ಬಂದು ಹೋದೀತು, ಮೊಟ್ಟೆ ಇಡಲಾರದು.

ಇದರಿಂದ ನಮಗೇನು ಲಾಭ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹಕ್ಕಿರೆಕ್ಕೆ ಹಾರಿದರೆ ಭತ್ತ ಒಂದು ಸೇರು ಹೆಚ್ಚು ಬರುತ್ತದೆಂದು ಹೇಳಿ ತಮ್ಮನ್ನು ನಂಬಿಸುವವನು ನಾನಲ್ಲ. ಪಾಪುವಾ ನ್ಯೂಗಿನಿ ಎಂಬ ದೇಶದಲ್ಲಿ 1978ರಲ್ಲಿ ಬುಲೊಲೊ ಎಂಬ ಊರಲ್ಲಿ ಸರಕಾರದ ಒಂದು ಸಂಸ್ಥೆ ಆರಂಭವಾಗಿ, ಹಳ್ಳಿಯವರು ಹಿತ್ತಲಲ್ಲಿ ಇಂಥ ಬಳ್ಳಿ ಬೆಳೆಸಿ, ಅಲ್ಲಿಯ ಹಕ್ಕಿರೆಕ್ಕೆಗಳನ್ನು ಪರದೇಶದ ಸಂಗ್ರಹಕಾರರಿಗೆ ಮಾರಿ ನಾಲ್ಕು ಕಾಸು ಕಂಡಿದ್ದಾರೆ. ನಮ್ಮಲ್ಲಿ ಆ ದಾರಿಗೆ ಹೋಗಬೇಡಿರಿ. ಹಕ್ಕಿರೆಕ್ಕೆಗಳ ಅಂತರರಾಷ್ಟ್ರೀಯ ಮಾರಾಟಕ್ಕೆ ಕಟ್ಟುಪಾಡುಗಳಿವೆ. ಅಭಯಾರಣ್ಯದೊಳಗೆ ಹಿಡಿಯುವುದು ಅಪರಾಧ. ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಆಸ್ಟ್ರೇಲಿಯಾದ ಉದಾಹರಣೆ. ಅಲ್ಲಿ ರಿಚ್‌ಮಂಡ್ ಎಂಬ ಹಕ್ಕಿರೆಕ್ಕೆ ಇದೆ. ಮಳೆಕಾಡು ಕಡಿದು ಹೊಲಗಳಾದ ಮೇಲೆ ಅದರ ಬಳ್ಳಿ ಕಡಿಮೆಯಾಯಿತು. ಅದರ ಜೊತೆಗೆ ಜನರು ಅಂದಕ್ಕೆಂದು ದಕ್ಷಿಣ ಅಮೇರಿಕದ ಅದೇ ಕುಲದ ಬೇರೊಂದು ಬಳ್ಳಿಯನ್ನು ತಂದು ಅಂಗಳದಲ್ಲಿ ಹಬ್ಬಿಸಿದರು. ವಾಸನೆ ಒಂದೇ ಎಂದು ಪಾತರಗಿತ್ತಿ ಅದರ ಮೇಲೆ ಮೊಟ್ಟೆಯಿಟ್ಟಿತು. ಎಲೆ ತಿಂದ ಮರಿಹುಳುಗಳೆಲ್ಲ ಸತ್ತವು. 1990ರ ದಶಕದ ಮೊದಲಿನಿಂದ ಅಲ್ಲಿಯ ಶಾಲೆಯ ಮಕ್ಕಳು, ರೈತರು, ಪಟ್ಟಣಿಗರು ಸೇರಿ ಪರದೇಶದ ಬಳ್ಳಿ ಕಿತ್ತು, ತಮ್ಮ ನಾಡಿನ ಬಳ್ಳಿಯನ್ನು ಸಾವಿರಗಟ್ಟಲೆ ನೆಟ್ಟರು. ಪಾತರಗಿತ್ತಿ ಕೆಲವು ಕಡೆ ಮರಳಿ ಬಂತು. ಬೆಳಗಾವಿಯ ನರ್ಸರಿಗಳಿಂದ ಸಸಿ ತರುವವರು ಇದನ್ನು ಗಮನಿಸಬೇಕು: ದೊಡ್ಡ ಹೂವಿನ ಅಂದದ ಬಳ್ಳಿ ಬೇಡ, ಬೇಲಿಯ ಬಡ ಈಶ್ವರಿಯೇ ಬೇಕು.

ಮಾಡಬೇಕಾದ ಕೆಲಸ ದೊಡ್ಡದಲ್ಲ. ನೆಲುವಿನಂತೆ ತೂಗುವ ಕಾಯಿ ಬಿಚ್ಚುವ ಮೊದಲೇ, ಹಳದಿಗೆ ತಿರುಗಿದಾಗ, ಒಂದು ಬಟ್ಟೆಯ ಚೀಲ ಕಟ್ಟಿದರೆ ಬೀಜ ಹಾರಿಹೋಗುವುದಿಲ್ಲ. ಎಲ್ಲ ಕಾಯಿಗಳನ್ನೂ ಕಟ್ಟಬೇಡಿರಿ, ಗಾಳಿಯ ಪಾಲು ಗಾಳಿಗಿರಲಿ. ಮೃಗಶಿರಾ ಮಳೆ ಹಿಡಿದ ಮೇಲೆ ತಿಪ್ಪೆಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಆ ಬೀಜ ಹಾಕಿ ಸಸಿ ಮಾಡಬಹುದು. ಬದುವಿನ ಮೇಲೆ, ಅರೆನೆರಳಿನಲ್ಲಿ, ಹತ್ತಲು ಒಂದು ಕಂಟಿ ಇರುವಲ್ಲಿ, ನೀರು ನಿಲ್ಲದ ಜಾಗದಲ್ಲಿ ನೆಟ್ಟರೆ ಆಯಿತು. ಒಂದೇ ಬಳ್ಳಿ ಸಾಲದು. ಬೆಳೆದ ಎರಡು ಹುಳುಗಳು ಸೇರಿದರೆ ಎಳೆಬಳ್ಳಿಯನ್ನು ಬೋಳು ಮಾಡಿಬಿಡುತ್ತವೆ. ಹತ್ತು ಹನ್ನೆರಡು ಒಟ್ಟಿಗೆ ಇರಲಿ. ಎಲೆಯೆಲ್ಲ ಹೋಯಿತೆಂದು ಔಷಧ ಹೊಡೆಯಬೇಡಿರಿ, ಬುಡ ಗಟ್ಟಿಯಾಗಿದ್ದರೆ ಮತ್ತೆ ಚಿಗುರುತ್ತದೆ. ಶಾಲೆಯ ಅಂಗಳದ ಬೇಲಿ ಇದಕ್ಕೆ ಬಹಳ ಒಳ್ಳೆಯ ಜಾಗ, ಮಾಸ್ತರರು ಮಕ್ಕಳಿಗೆ ಮೊದಲ ದಿನವೇ ಇದನ್ನು ಬಾಯಿಗೆ ಹಾಕಬಾರದೆಂದು ಹೇಳಿಬಿಟ್ಟರೆ. ದೇವರ ಕಾಡುಗಳಲ್ಲಿ ಬಳ್ಳಿ ಹೇಗೂ ಉಳಿದಿರುತ್ತದೆ. ಬೀಜಕ್ಕೆ ಅಲ್ಲಿ ನೋಡಿರಿ, ಬೇರು ಮಾತ್ರ ಕೀಳಬೇಡಿರಿ.

ಕೊನೆಗೆ ಬೇಲಿ ಸವರುವ ಮಾತು. ಮಳೆ ನಿಂತು ಸುಗ್ಗಿಗೆ ಮುಂಚೆ ತಾವು ಕುಡಗೋಲು ತೆಗೆದುಕೊಂಡು ಬೇಲಿಗೆ ಹೋಗುವಾಗ, ಕಡ್ಡಿಗೆ ನೂಲು ಸುತ್ತಿಕೊಂಡು ಒರಗಿ ನಿಂತ ಒಣ ಎಲೆಯಂಥದು, ಹೆಬ್ಬೆರಳಿಗಿಂತ ದಪ್ಪನಾದದ್ದು, ಕಣ್ಣಿಗೆ ಬಿದ್ದೀತು. ಬೆರಳಿಂದ ಮೆಲ್ಲನೆ ಮುಟ್ಟಿ ನೋಡಿರಿ. ಬುಸ್ಸೆಂದರೆ ಆ ಒಂದು ಕೊಂಬೆಯನ್ನು ಬಿಟ್ಟು ಮುಂದೆ ಸವರಿಕೊಂಡು ಹೋಗಿರಿ. ಮೂರು ವಾರದ ಮೇಲೆ ಅದನ್ನೂ ಕಡಿಯಬಹುದು, ಅಷ್ಟರಲ್ಲಿ ಅದು ಖಾಲಿಯಾಗಿರುತ್ತದೆ.